ಪುಟಕ್ಕೆ ಎಷ್ಟು ಬಿತ್ತು? ಇಂಕು, ಟೋನರ್ ಕೊಳ್ಳುವ ಮುಂಚೆ ಒಂದು ಲೆಕ್ಕ

ಮಗಳ ಶಾಲೆಯ ಪ್ರಾಜೆಕ್ಟ್‌ಗೆಂದು ಮನೆಗೆ ಮೊದಲ ಪ್ರಿಂಟರ್ ತಂದಾಗ ನಾನು ನೋಡಿದ್ದು ಒಂದೇ, ಪ್ರಿಂಟರಿನ ರೇಟು. ಅಂಗಡಿಯಲ್ಲಿದ್ದವುಗಳಲ್ಲಿ ಅದೇ ಅಗ್ಗ. ಎರಡು ತಿಂಗಳಿಗೆ ಬಣ್ಣ ಮುಗಿಯಿತು. ಹೊಸದು ಕೇಳಿದರೆ ಕಪ್ಪು, ಬಣ್ಣ ಎರಡೂ ಸೇರಿ ಪ್ರಿಂಟರಿನ ಅರ್ಧ ಬೆಲೆ! "ಜೊತೇಲಿ ಬಂದಿದ್ದು ಪೂರ್ತಿ ತುಂಬಿರಲ್ಲ ಸರ್, ಸುಮ್ನೆ ಶುರು ಮಾಡೋಕೆ ಅಂತ ಕೊಡ್ತಾರೆ" ಎಂದ ಅಂಗಡಿಯ ಹುಡುಗ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಪ್ರಿಂಟರ್ ನೋಡಿಯೇ ಹೇಳಿದ ಹಾಗಿದೆ.

ಆಮೇಲೆ ಹತ್ತಾರು ಸಲ ಕೊಂಡೆ, ಒಂದೆರಡು ಸಲ ಕೈ ಸುಟ್ಟುಕೊಂಡೆ. ಈಗ ಒಂದು ಅಭ್ಯಾಸ ಬಂದಿದೆ. ಅಂಗಡಿಯವರು ಡಬ್ಬಕ್ಕೆ ಇಷ್ಟು ಅಂದ ತಕ್ಷಣ ಪುಟಕ್ಕೆ ಎಷ್ಟು ಬಿತ್ತು ಅಂತ ಮನಸ್ಸಿನಲ್ಲೇ ಭಾಗಿಸುತ್ತೇನೆ. ಲೆಕ್ಕ ಸಣ್ಣದು. ಆದರೆ ಅದರೊಳಗೆ ಎಡವುವ ಜಾಗಗಳು ಜಾಸ್ತಿ, ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಂಕಿನ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಹಾಗಾಗಿ ಕೆಳಗಿನ ರೂಪಾಯಿಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಮಾಡೆಲ್ ಹೆಸರು ಹೇಳಿ ಕೊಟ್ಟಿರುವ ಪುಟಗಳ ಸಂಖ್ಯೆ ಮಾತ್ರ ಕಂಪನಿಗಳು ಹೇಳುವಂಥದ್ದೇ.

ಡಬ್ಬದ ಮೇಲಿನ ಆ ಸಂಖ್ಯೆ

ಒಂದೇ ಪ್ರಿಂಟರಿಗೆ ಹಿಡಿಸುವ ಎರಡು ಕಪ್ಪು ಕಾರ್ಟ್ರಿಜ್, ಅಂದರೆ ಇಂಕು ತುಂಬಿದ ಡಬ್ಬ, ಇವೆ ಅಂದುಕೊಳ್ಳಿ. ಚಿಕ್ಕದು 800 ರೂಪಾಯಿ, 200 ಪುಟ ಬರುತ್ತದೆ. ಎಕ್ಸ್ಎಲ್ ಅನ್ನುವ ದೊಡ್ಡದು 1,400 ರೂಪಾಯಿ, 400 ಪುಟ. ಚಿಕ್ಕದರಲ್ಲಿ ಪುಟಕ್ಕೆ 4 ರೂಪಾಯಿ, ದೊಡ್ಡದರಲ್ಲಿ ಮೂರೂವರೆ. ಇಷ್ಟೇ. ಜೇಬಿನಿಂದ ಹೋಗುವ ನೋಟು ನೋಡಿದರೆ ಚಿಕ್ಕದು ಅಗ್ಗ, ಬರುವ ಪುಟ ನೋಡಿದರೆ ದೊಡ್ಡದು ಅಗ್ಗ.

ಮಿಲಿಲೀಟರ್ ಲೆಕ್ಕ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಎಣ್ಣೆ ಪ್ಯಾಕೆಟ್‌ಗಾದರೆ ಆಗುತ್ತದೆ, ಇಂಕಿಗೆ ಪೂರ್ತಿ ಆಗುವುದಿಲ್ಲ. ಒಂದೊಂದು ಯಂತ್ರ ಒಂದೊಂದು ಪುಟಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಇಂಕು ಕುಡಿಯುತ್ತದೆ. ಒಂದೇ ಪ್ರಿಂಟರಿಗೆ ಹಿಡಿಸುವ ಎರಡು ಬಾಟಲಿಗಳ ನಡುವೆ ಮಿಲಿಲೀಟರ್ ನೋಡಿ ಹೋಲಿಸಿ, ತಪ್ಪಿಲ್ಲ. ಎರಡು ಬೇರೆ ಪ್ರಿಂಟರ್ ಹೋಲಿಸುವಾಗ ಪುಟವನ್ನೇ ಹಿಡಿಯಿರಿ.

ಹಾಗಾದರೆ ಈ ಪುಟಗಳನ್ನು ಎಣಿಸುವವರು ಯಾರು? ಅದಕ್ಕೊಂದು ಅಂತರರಾಷ್ಟ್ರೀಯ ಅಳತೆ ಇದೆ. ಲೇಸರ್ ಪ್ರಿಂಟರಿಗೆ ಹಾಕುವ ಮಸಿಪುಡಿ ಟೋನರ್, ಕಪ್ಪಿನದಕ್ಕೆ ಐಎಸ್‌ಒ/ಐಇಸಿ 19752, ಬಣ್ಣದ ಟೋನರ್‌ಗೆ 19798, ಇಂಕ್ ಕಾರ್ಟ್ರಿಜ್‌ಗೆ 24711. ಗೊತ್ತುಮಾಡಿದ ಪುಟಗಳನ್ನೇ ಮತ್ತೆ ಮತ್ತೆ ಪ್ರಿಂಟ್ ಹೊಡೆದು, ಕಾರ್ಟ್ರಿಜ್ ಖಾಲಿಯಾಗುವವರೆಗೆ ಎಣಿಸುತ್ತಾರೆ. ಕಪ್ಪು ಪುಟದಲ್ಲಿ ಮಸಿ ತಾಗುವ ಜಾಗ ಹೆಚ್ಚುಕಡಿಮೆ ನೂರಕ್ಕೆ ಐದು. ಎ4 ಹಾಳೆಯಲ್ಲಿ ನೂರಕ್ಕೆ ಐದು ಅಂದರೆ ಏನು ಮಹಾ? ಒಂದು ರಜೆ ಅರ್ಜಿ ಬರೆದಷ್ಟು. ಸಣ್ಣ ಅಕ್ಷರದಲ್ಲಿ ಎರಡೂ ಅಂಚಿಗೆ ತಾಗುವಂತೆ ತುಂಬಿದ ಪ್ರಶ್ನೆಪತ್ರಿಕೆ ಅದನ್ನು ಸುಲಭವಾಗಿ ದಾಟುತ್ತದೆ. ನಿಮ್ಮ ಪುಟದಲ್ಲಿ ಮಸಿ ನೂರಕ್ಕೆ ಹತ್ತು ಆಗುತ್ತಿದ್ದರೆ 2,000 ಪುಟದ ಟೋನರ್ 1,000ಕ್ಕೇ ಕೈ ಎತ್ತುತ್ತದೆ. ಮೋಸವೇನೂ ಆಗಿಲ್ಲ, ನೀವು ಎರಡು ಪಟ್ಟು ಮಸಿ ಬಳಸಿದ್ದೀರಿ. ಆಧಾರ್ ಕಾರ್ಡನ್ನು ಮುಚ್ಚಳ ಎತ್ತಿಕೊಂಡೇ ಜೆರಾಕ್ಸ್ ಮಾಡಿ, ಹಾಳೆ ತುಂಬ ಕರಿ ಅಂಚು ಬರಿಸುವವರನ್ನು ನೋಡಿದರೆ ನನಗೆ ಈಗ ಹೊಟ್ಟೆ ಉರಿಯುತ್ತದೆ.

ಅಂದರೆ ಡಬ್ಬದ ಮೇಲಿನ ಸಂಖ್ಯೆ ನಿಮಗೆ ಸಿಗುವ ಪುಟಗಳ ಭರವಸೆ ಅಲ್ಲ. ಎರಡು ಡಬ್ಬ ಹೋಲಿಸಲು ಮಾತ್ರ ಅದು ತಕ್ಕಡಿ. ಕಾರಿನ ಮೈಲೇಜ್ ಇದ್ದ ಹಾಗೆ.

ಬಣ್ಣಕ್ಕೆ ಬಂದರೆ ಇನ್ನೊಂದು ತೊಡಕು. ಬಣ್ಣದ ಪುಟಕ್ಕೆ ಕಪ್ಪೂ ಖರ್ಚಾಗುತ್ತದೆ, ಬಣ್ಣವೂ ಖರ್ಚಾಗುತ್ತದೆ, ಹಾಗಾಗಿ ಎರಡನ್ನೂ ಕೂಡಬೇಕು. ಮನೆಗಳಲ್ಲಿ ತುಂಬ ಕಾಣುವ ಎಚ್‌ಪಿ 680 ತೆಗೆದುಕೊಳ್ಳಿ. ಕಪ್ಪು ಸುಮಾರು 480 ಪುಟ, ಮೂರು ಬಣ್ಣದ ಕಾರ್ಟ್ರಿಜ್ ಸುಮಾರು 150 ಪುಟ. ಕಪ್ಪಿಗೆ 960 ರೂಪಾಯಿ ಅಂದುಕೊಂಡರೆ ಪುಟಕ್ಕೆ 2 ರೂಪಾಯಿ. ಬಣ್ಣಕ್ಕೆ 900 ಅಂದುಕೊಂಡರೆ ಪುಟಕ್ಕೆ 6. ಒಂದು ಬಣ್ಣದ ಪುಟಕ್ಕೆ ಒಟ್ಟು 8 ರೂಪಾಯಿ ಆಯಿತು, ಇನ್ನೂ ಕಾಗದ ಲೆಕ್ಕಕ್ಕೆ ಬಂದಿಲ್ಲ. ಮೂರು ಬಣ್ಣ ಒಂದೇ ಡಬ್ಬದಲ್ಲಿ ಇರುವುದರಿಂದ ಹಳದಿಯೊಂದು ಮುಗಿದರೂ ಉಳಿದೆರಡನ್ನು ಸೇರಿಸಿಯೇ ಬಿಸಾಡಬೇಕು. ಮಗು ವಾರಪೂರ್ತಿ ಸೂರ್ಯಕಾಂತಿ ಚಿತ್ರ ಪ್ರಿಂಟ್ ಹಾಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಈಗ ಟ್ಯಾಂಕ್ ಪ್ರಿಂಟರ್ ನೋಡೋಣ, ಕಾರ್ಟ್ರಿಜ್ ಬದಲು ಬಾಟಲಿಯಿಂದ ಇಂಕು ಸುರಿದು ತುಂಬಿಸುವಂಥದ್ದು. ಎಪ್ಸನ್ ಎಲ್3110, ಎಲ್3250 ತರಹದವಕ್ಕೆ ಹಾಕುವುದು 003 ಇಂಕು. 65 ಮಿಲಿಲೀಟರಿನ ಕಪ್ಪು ಬಾಟಲಿಗೆ 4,500 ಪುಟ ಅನ್ನುತ್ತದೆ ಕಂಪನಿ. ಮೂರು ಬಣ್ಣದ ಬಾಟಲಿ ಸೇರಿ 7,500. ಇಲ್ಲಿ ಬಹಳ ಜನ ಎಡವುತ್ತಾರೆ. ಆ 7,500 ಒಂದೊಂದು ಬಾಟಲಿಯದ್ದಲ್ಲ, ಮೂರೂ ಸೇರಿ ಬರುವ ಪುಟ. ಬಾಟಲಿಗೆ 450 ರೂಪಾಯಿ ಇಟ್ಟುಕೊಂಡರೆ ಕಪ್ಪು ಪುಟಕ್ಕೆ 10 ಪೈಸೆ. ಬಣ್ಣಕ್ಕೆ 1,350 ಭಾಗಿಸು 7,500, ಅಂದರೆ 18 ಪೈಸೆ. ಕೂಡಿದರೆ 28 ಪೈಸೆ. ಕಾರ್ಟ್ರಿಜ್‌ನಲ್ಲಿ 8 ರೂಪಾಯಿ ಬಿದ್ದಿತ್ತು, ನೆನಪಿದೆಯಲ್ಲ? ಇನ್ನೊಂದು ವಿಷಯ. ಹೊಸ ಪ್ರಿಂಟರ್ ಜೊತೆ ಬಂದ ಮೊದಲ ಬಾಟಲಿಗಳು ಇಷ್ಟು ಪುಟ ಕೊಡುವುದಿಲ್ಲ. ಅದರಲ್ಲೊಂದಿಷ್ಟು ಇಂಕು ಪೈಪು, ಹೆಡ್ (ಹಾಳೆಗೆ ಇಂಕು ಚಿಮ್ಮಿಸುವ ಭಾಗ) ತುಂಬುವುದಕ್ಕೇ ಹೋಗುತ್ತದೆ.

ಹಾಗಾದರೆ ಎಲ್ಲರೂ ಟ್ಯಾಂಕ್ ಪ್ರಿಂಟರ್ ತಗೊಳ್ಳಬೇಕಾ?

ನಿಲ್ಲಿ. ಕಾರ್ಟ್ರಿಜ್ ಪ್ರಿಂಟರ್ 4,000, ಟ್ಯಾಂಕಿನದ್ದು 11,000 ಅಂತ ಇಟ್ಟುಕೊಳ್ಳಿ. ಅಂತರ 7,000 ರೂಪಾಯಿ. ಕಪ್ಪು ಪುಟಕ್ಕೆ ಉಳಿಯುವುದು 1 ರೂಪಾಯಿ 90 ಪೈಸೆ. ಅಂತರ ವಾಪಸ್ ಬರಬೇಕಾದರೆ ಸುಮಾರು 3,700 ಪುಟ ಬೇಕು. ತಿಂಗಳಿಗೆ 300 ಪುಟ ಹೊಡೆಯುವ ಟ್ಯೂಷನ್ ಮೇಡಂಗೆ ಒಂದು ವರ್ಷದ ಮಾತು. ತಿಂಗಳಿಗೆ 20 ಪುಟದ ಮನೆಗೆ 15 ವರ್ಷ. ಅಷ್ಟು ದಿನ ಆ ಪ್ರಿಂಟರ್ ಬದುಕಿರುತ್ತದೆ ಅಂತ ನನಗಂತೂ ನಂಬಿಕೆ ಇಲ್ಲ.

ಆ 20 ಪುಟದ ಮನೆಗೆ ಕಾರ್ಟ್ರಿಜ್ ಕೂಡ ಒಳ್ಳೆಯದಲ್ಲ. ಇಂಕು ಒಣಗುತ್ತದೆ. ಸುಮ್ನೆ ಬಿಟ್ಟಿದ್ದ ಪ್ರಿಂಟರ್ ಆನ್ ಮಾಡಿದಾಗ ಗರಗರ ಅಂತ ಸದ್ದು ಮಾಡುತ್ತದಲ್ಲ, ಅದು ಹೆಡ್ ತೊಳೆದುಕೊಳ್ಳುವ ಸದ್ದು. ತೊಳೆಯುವುದು ನೀರಿನಿಂದಲ್ಲ, ನೀವು ದುಡ್ಡು ಕೊಟ್ಟ ಇಂಕಿನಿಂದಲೇ. ಆ ಇಂಕು ಒಳಗಿರುವ ಸ್ಪಂಜಿನಂಥ ಪ್ಯಾಡ್‌ಗೆ ಇಳಿಯುತ್ತದೆ. ಪ್ಯಾಡ್ ತುಂಬಿತು ಅಂತ ಪ್ರಿಂಟರ್ ಲೆಕ್ಕ ಹಾಕಿದ ದಿನ ಕೆಲಸವನ್ನೇ ನಿಲ್ಲಿಸುತ್ತದೆ, ಸರ್ವಿಸ್‌ಗೆ ಒಯ್ಯಬೇಕು. ಡಬ್ಬದ ಮೇಲಿನ ಪುಟಸಂಖ್ಯೆ ಬಂದಿರುವುದು ಒಂದೇ ಸಮನೆ ಪ್ರಿಂಟ್ ಹೊಡೆದು. ವಾರಕ್ಕೊಮ್ಮೆ ಎರಡು ಪುಟ ಹಾಕುವವರ ಮನೆಯ ಸ್ಥಿತಿ ಅದರಲ್ಲಿ ಇಲ್ಲ. 480 ಪುಟದ ಕಾರ್ಟ್ರಿಜ್ 150ಕ್ಕೇ ಒಣಗಿ ಹೋದರೆ 2 ರೂಪಾಯಿ ಇದ್ದದ್ದು 6 ರೂಪಾಯಿ 40 ಪೈಸೆ ಆಗುತ್ತದೆ. ಅಷ್ಟಕ್ಕೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯೇ ವಾಸಿ. ತಿಂಗಳಿಗೆ ಹತ್ತಿಪ್ಪತ್ತು ಪುಟ ಸಾಕು ಅನ್ನುವವರಿಗೆ ನಾನು ಯಾವ ಪ್ರಿಂಟರೂ ಬೇಡ ಅನ್ನುತ್ತೇನೆ. ಬೇಕೇ ಬೇಕು, ಬಣ್ಣ ಬೇಡ ಅಂದರೆ ಲೇಸರ್ ತಗೊಳ್ಳಿ. ಟೋನರ್ ಅಂದರೆ ಪುಡಿ, ಅದು ಒಣಗುವ ಮಾತೇ ಇಲ್ಲ.

ಇಂಕ್‌ಜೆಟ್ ಇರುವವರಿಗೆ ಬಿಟ್ಟಿ ಸಲಹೆ: ಗೋಡೆಯ ಸ್ವಿಚ್‌ನಿಂದ ಆರಿಸಬೇಡಿ, ಪ್ರಿಂಟರಿನ ಬಟನ್ ಒತ್ತಿ ಆರಿಸಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತದೆ, ಇಂಕು ಬೇಗ ಒಣಗುವುದಿಲ್ಲ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ತೆರೆದುಕೊಂಡೇ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಒಮ್ಮೆ ಆನ್ ಮಾಡಿ ಬಟನ್‌ನಿಂದ ಆರಿಸಿಬಿಡಿ.

12ಎ ಅನ್ನುವ ಪುಣ್ಯಾತ್ಮ

ಊರೂರಿನ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಸೊಸೈಟಿ ಆಫೀಸುಗಳಲ್ಲಿ ಈಗಲೂ ಉಸಿರಾಡುತ್ತಿರುವ ಎರಡು ಯಂತ್ರಗಳಿವೆ. ಎಚ್‌ಪಿ ಲೇಸರ್‌ಜೆಟ್ ಎಂ1005 ಮತ್ತು ಕ್ಯಾನನ್ ಎಲ್‌ಬಿಪಿ 2900. ಮೊದಲನೆಯದಕ್ಕೆ 12ಎ ಟೋನರ್, ಎರಡನೆಯದಕ್ಕೆ 303. ಹೆಸರು ಬೇರೆ ಇರಬಹುದು, ಎಚ್‌ಪಿಯ ಬಹಳಷ್ಟು ಲೇಸರ್ ಪ್ರಿಂಟರ್‌ಗಳ ಒಳಗಿನ ಎಂಜಿನ್ ಮಾಡಿಕೊಟ್ಟದ್ದು ಕ್ಯಾನನ್ ಕಂಪನಿಯೇ. ಹಾಗಾಗಿ ಬೇರೆ ಕಂಪನಿಯವರು ಮಾಡುವ ಕಂಪ್ಯಾಟಿಬಲ್ ಟೋನರ್ ಡಬ್ಬದ ಮೇಲೆ 12ಎ, 303 ಎರಡೂ ಒಟ್ಟಿಗೆ ಅಚ್ಚಾಗಿರುತ್ತವೆ. ಆನ್‌ಲೈನ್‌ನಲ್ಲಿ ಬೆಲೆ ನೋಡುವಾಗ ಎರಡೂ ಹೆಸರು ಹಾಕಿ ಹುಡುಕಿ. ಅದೇ ಸಾಮಾನಿಗೆ ಎರಡು ರೇಟು ಕಂಡರೆ ಆಶ್ಚರ್ಯಪಡಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟೋನರ್ ಕೇಳಿದರೆ ಮೊದಲು ಬರುವ ಪ್ರಶ್ನೆ "ಒರಿಜಿನಲ್ಲಾ, ಕಂಪ್ಯಾಟಿಬಲ್ಲಾ?" ಒರಿಜಿನಲ್ ಅಂದರೆ ಪ್ರಿಂಟರ್ ಕಂಪನಿಯದ್ದೇ. ಕಂಪ್ಯಾಟಿಬಲ್ ಅಂದರೆ ಬೇರೆಯವರು ತಮ್ಮದೇ ಹೆಸರಿನಲ್ಲಿ ಮಾಡಿದ್ದು. ಅದು ಕಳ್ಳಮಾಲಲ್ಲ. ಮೂರನೆಯದು ರೀಫಿಲ್, ನಿಮ್ಮ ಹಳೆಯ ಕಾರ್ಟ್ರಿಜ್‌ಗೇ ಪುಡಿ ತುಂಬಿಸುವುದು. ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕಂಪನಿಯ ಡಬ್ಬದಂತೆಯೇ ಕಾಣುವ ಡ್ಯೂಪ್ಲಿಕೇಟ್. ಒರಿಜಿನಲ್‌ನ ಮಾಮೂಲಿ ರೇಟಿಗಿಂತ ಅರ್ಧಕ್ಕೆ "ಒರಿಜಿನಲ್" ಸಿಕ್ಕರೆ ಅದು ಈ ನಾಲ್ಕನೆಯದೇ ಅಂತ ತಿಳಿಯಿರಿ. ಸೀಲು, ಹೊಳೆಯುವ ಲೇಬಲ್, ಕ್ಯೂಆರ್ ಕೋಡ್ ನೋಡಿ. ತಯಾರಾದ ತಿಂಗಳನ್ನೂ ನೋಡಿ, ಅದು ಇಂಕಿಗೆ ಇನ್ನೂ ಮುಖ್ಯ.

12ಎಗೆ ಕಂಪನಿ ಹೇಳುವುದು 2,000 ಪುಟ. ಒರಿಜಿನಲ್‌ಗೆ 5,000 ರೂಪಾಯಿ ಅಂದುಕೊಂಡರೆ ಪುಟಕ್ಕೆ ಎರಡೂವರೆ ರೂಪಾಯಿ. ಕಂಪ್ಯಾಟಿಬಲ್ 500 ರೂಪಾಯಿ, ಡಬ್ಬದ ಮೇಲೆ 2,000 ಅಂತಲೇ ಇರುತ್ತದೆ. ನಾವು ಅಪನಂಬಿಕೆಯಿಂದ 1,500 ಅಂತ ಹಿಡಿಯೋಣ, ಪುಟಕ್ಕೆ 33 ಪೈಸೆ. ನಾಲ್ಕರಲ್ಲೊಂದು ಡಬ್ಬ ಶುದ್ಧ ದಂಡ ಅಂತ ಬಿಸಾಡಿದರೂ 45 ಪೈಸೆ ದಾಟುವುದಿಲ್ಲ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಗಾದೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಕಜ್ಜಾಯ ಸ್ವಲ್ಪ ಸೀದಿರಬಹುದು, ಕಾಸಿನ ವ್ಯತ್ಯಾಸ ಮಾತ್ರ ಐದಾರು ಪಟ್ಟು.

ರೀಫಿಲ್ ಇದಕ್ಕಿಂತ ಅಗ್ಗ. ಆದರೆ ಅದರ ಆಯಸ್ಸು ಡ್ರಮ್ ಮೇಲೆ ನಿಂತಿದೆ. 12ಎ ಡಬ್ಬದಲ್ಲಿ ಪುಡಿಯ ಜೊತೆಗೆ ಹಸಿರೋ ನೀಲಿಯೋ ಬಣ್ಣದ ಒಂದು ಉರುಳೆ ಇರುತ್ತದೆ, ಅದೇ ಡ್ರಮ್. ಅದನ್ನು ಒರೆಸುವ ಬ್ಲೇಡ್ ಇರುತ್ತದೆ. ಒರೆಸಿದ ಕಸದ ಪುಡಿ ಸೇರಲು ಒಂದು ಪುಟ್ಟ ಖಾನೆ ಇರುತ್ತದೆ. ಪುಡಿ ಮಾತ್ರ ತುಂಬಿ ಆ ಖಾನೆ ಖಾಲಿ ಮಾಡದಿದ್ದರೆ ನಾಲ್ಕು ದಿನಕ್ಕೆ ಹಾಳೆ ಮೇಲೆಲ್ಲ ಮಸಿ. ರೀಫಿಲ್ ಮಾಡುವವರ ಎದುರಿಗೇ ನಿಂತು "ವೇಸ್ಟ್ ತೆಗೆದ್ರಾ?" ಅಂತ ಕೇಳಿ, ನಾಚಿಕೆಪಡಬೇಡಿ. ಎರಡು ಮೂರು ಸಲ ತುಂಬಿಸಿದ ಮೇಲೆ ಹಾಳೆಯ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಗೆರೆ ಬೀಳುತ್ತದೆ. ಒಂದೇ ಚುಕ್ಕೆ ಹಾಳೆಯುದ್ದಕ್ಕೂ ಸುಮಾರು ಏಳೂವರೆ ಸೆಂಟಿಮೀಟರಿಗೊಮ್ಮೆ ಮರುಕಳಿಸಿದರೆ ಗಾಯವಾಗಿರುವುದು ಡ್ರಮ್‌ಗೇ. ಅದರ ಒಂದು ಸುತ್ತು ಅಷ್ಟೇ ಉದ್ದ. ಸ್ಕೇಲ್ ಇಟ್ಟು ಅಳೆದು ಅಂಗಡಿಯವನಿಗೆ ತೋರಿಸಿ, ಅವನು ವಾದಕ್ಕಿಳಿಯುವುದಿಲ್ಲ.

ಎಲ್ಲ ಲೇಸರ್‌ಗಳೂ ಹೀಗಿಲ್ಲ. ಬ್ರದರ್ ಕಂಪನಿಯ ಯಂತ್ರಗಳಲ್ಲಿ ಟೋನರ್ ಬೇರೆ, ಡ್ರಮ್ ಬೇರೆ. ಟಿಎನ್-2365 ಟೋನರ್ ಸುಮಾರು 2,600 ಪುಟ, ಅದರ ಜೊತೆಗಾರ ಡಿಆರ್-2365 ಡ್ರಮ್ ಸುಮಾರು 12,000. ಟೋನರ್ ಅಗ್ಗವಾಗಿ ಕಾಣುತ್ತದೆ ಅಂತ ಹಿಗ್ಗುವ ಮುಂಚೆ ಡ್ರಮ್ಮಿನ ಬೆಲೆಯನ್ನು 12,000ದಿಂದ ಭಾಗಿಸಿ, ಪುಟದ ಲೆಕ್ಕಕ್ಕೆ ಕೂಡಿಸಿಕೊಳ್ಳಿ.

ಕೆಟ್ಟರೆ ಏನು ಕೆಡುತ್ತದೆ?

ನನ್ನ ಮಟ್ಟಿಗೆ ಪುಟದ ಲೆಕ್ಕವಾದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ ಇದೇ. 12ಎ ಕಂಪ್ಯಾಟಿಬಲ್ ಕಳಪೆ ಬಂದರೆ ಹೋಗುವುದು ಆ ಡಬ್ಬ. ಡ್ರಮ್ ಕೂಡ ಅದರೊಳಗೇ ಇರುವುದರಿಂದ ಡಬ್ಬ ತೆಗೆದು ಹೊಸದು ಹಾಕಿದರೆ, ಚೆಲ್ಲಿದ ಪುಡಿ ಒರೆಸಿದರೆ ಮುಗಿಯಿತು. 680 ತರಹದ ಕಾರ್ಟ್ರಿಜ್‌ನಲ್ಲಿ ಪ್ರಿಂಟ್ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿದೆ, ಅಲ್ಲೂ ಯಂತ್ರಕ್ಕೆ ಅಪಾಯ ಕಡಿಮೆ. ಎಪ್ಸನ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಹಾಗಲ್ಲ. ಹೆಡ್ ಯಂತ್ರದೊಳಗೇ ಕೂತಿದೆ. ಕಳಪೆ ಇಂಕು ಅದರ ಕೂದಲೆಳೆಯಂಥ ತೂತುಗಳಲ್ಲಿ ಕಟ್ಟಿಕೊಂಡರೆ ಹೆಡ್ ಬದಲಿಸುವ ಖರ್ಚು ಕೇಳಿ ಹೊಸ ಪ್ರಿಂಟರ್ರೇ ವಾಸಿ ಅನಿಸುತ್ತದೆ.

ನನ್ನ ಕೈ ಸುಟ್ಟದ್ದು ಇಲ್ಲೇ. ಬಾಟಲಿಗೆ ಇನ್ನೂರೈವತ್ತು ರೂಪಾಯಿ ಉಳಿಯುತ್ತದೆ ಅಂತ ಹೆಸರೇ ಇಲ್ಲದ ಇಂಕು ತುಂಬಿಸಿದೆ. ಆ ಉಳಿತಾಯ ಪುಟಕ್ಕೆ ಐದಾರು ಪೈಸೆ. ಮೂರು ತಿಂಗಳಿಗೆ ನೀಲಿ ಬರುವುದು ನಿಂತಿತು. ಹೆಡ್ ಕ್ಲೀನಿಂಗ್ ಮಾಡಿ ಮಾಡಿ ಉಳಿದ ಇಂಕೂ ಪ್ಯಾಡ್ ಪಾಲಾಯಿತು.

ಅದಕ್ಕೇ ಈಗ ನನ್ನದು ತಿರುವುಮುರುವು ನಡೆ. ಬಾಟಲಿ ಇಂಕು ಅಂದರೆ ಒರಿಜಿನಲ್ಲೇ. ವಾರಂಟಿ ಮುಗಿದ 12ಎ ಯಂತ್ರಕ್ಕೆ ಧೈರ್ಯವಾಗಿ ಕಂಪ್ಯಾಟಿಬಲ್. ಎಲ್ಲಕ್ಕೂ ಒರಿಜಿನಲ್ಲೇ ಇರಲಿ ಅನ್ನುವುದೂ ದುಡ್ಡು ದಂಡ, ಎಲ್ಲಕ್ಕೂ ಅಗ್ಗದ್ದು ಅನ್ನುವುದೂ ದಂಡ.

ಹೊಸ ಪ್ರಿಂಟರ್‌ಗಳಲ್ಲಿ ಇನ್ನೊಂದು ತಲೆನೋವು, ಚಿಪ್. ಕಾರ್ಟ್ರಿಜ್ ಮೇಲಿನ ಪುಟ್ಟ ಚಿಪ್ ನೋಡಿ ಇದು ನಮ್ಮದೋ ಹೊರಗಿನದೋ ಅಂತ ಪ್ರಿಂಟರ್ ಗುರುತಿಸುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಅಲ್ಲಿಯವರೆಗೆ ನಡೆಯುತ್ತಿದ್ದ ಹೊರಗಿನ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ಒಪ್ಪದೆ ಮುಷ್ಕರ ಹೂಡಿದವು. ಮೊದಲೇ ಇಳಿದಿದ್ದ ಸಾಫ್ಟ್‌ವೇರ್‌ನಲ್ಲಿ ಆ ದಿನಾಂಕ ಅಡಗಿ ಕೂತಿತ್ತು. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು, ಆದರೆ ಆ ಪದ್ಧತಿ ಹೋಗಲಿಲ್ಲ. ಹಾಗಾಗಿ ಹೊಸ ಮಾಡೆಲ್‌ಗೆ ಕಂಪ್ಯಾಟಿಬಲ್ ಕೊಳ್ಳುವಾಗ ಚಿಪ್ ಇದೆಯಾ, ಪ್ರಿಂಟರ್ ಒಪ್ಪದಿದ್ದರೆ ವಾಪಸ್ ತಗೋತೀರಾ ಅಂತ ಕೇಳಿ, ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ. 12ಎ ಮೇಲೆ ನನಗೆ ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ, ಅದಕ್ಕೆ ಚಿಪ್ಪಿನ ಕಾಟ ಇಲ್ಲ.

ಬಿಲ್ಲು ಮತ್ತು ಕಾಗದ

ಡಬ್ಬದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ "ಜಿಎಸ್‌ಟಿ ಬೇರೆ" ಅಂದರೆ ಒಪ್ಪಬೇಡಿ. ಎಂಆರ್‌ಪಿಯಿಂದ ಶೇಕಡಾ 40 ಬಿಟ್ಟಿದ್ದೇವೆ ಅನ್ನುವ ಮಾತಿಗೂ ಬೆಲೆ ಕೊಡಬೇಡಿ, ಆ ಎಂಆರ್‌ಪಿಗೆ ಯಾರೂ ಮಾರುತ್ತಿರಲಿಲ್ಲ. ಪಕ್ಕದ ಅಂಗಡಿಯ ಮಾರಾಟ ಬೆಲೆಯನ್ನು ಕೇಳಿ ಹೋಲಿಸಿ.

ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಗಳಿಗೆ ಲೆಕ್ಕ ಸ್ವಲ್ಪ ಬೇರೆ. ಒಬ್ಬರು ಬಿಲ್ ಇಲ್ಲದೆ 1,050 ಅನ್ನುತ್ತಾರೆ, ಇನ್ನೊಬ್ಬರು ಶೇಕಡಾ 18 ಜಿಎಸ್‌ಟಿ ಸೇರಿಸಿದ ಬಿಲ್ ಜೊತೆ 1,180. ತೆರಿಗೆಯ 180 ರೂಪಾಯಿಯನ್ನು ನಿಮ್ಮ ಲೆಕ್ಕದಲ್ಲಿ ಕಳೆದುಕೊಳ್ಳುವ ಅವಕಾಶ ಇದ್ದರೆ ಎರಡನೆಯದು ನಿಮಗೆ ಬಿದ್ದದ್ದು 1,000. ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿ ಇರುವವರಿಗೆ, ಮನೆ ಬಳಕೆಯವರಿಗೆ ಈ ಲಾಭ ಇಲ್ಲ. ಆದರೂ ಬಿಲ್ ತಗೊಳ್ಳಿ, ವಾರಂಟಿ ಕೇಳುವ ದಿನ ಬೇಕಾಗುತ್ತದೆ. ಕಾಂಬೊ ಪ್ಯಾಕ್ ಕಂಡಾಗ ಒಂದು ಗಳಿಗೆ ನಿಂತು ಯೋಚಿಸಿ. ನಾಲ್ಕೂ ಬಣ್ಣ ಸೇರಿಸಿ ಅಗ್ಗ ಅಂತಾರೆ, ಆದರೆ ನಿಮ್ಮ ಮನೆಯಲ್ಲಿ ಮುಗಿಯುವುದು ಕಪ್ಪೊಂದೇ ಇರಬಹುದು.

ಟ್ಯಾಂಕ್ ಪ್ರಿಂಟರ್ ಇರುವವರು ಇಂಕಿನ ಬೆಲೆಗೆ ತಲೆ ಕೆಡಿಸಿಕೊಂಡು ಕಾಗದವನ್ನು ಮರೆಯುತ್ತಾರೆ. 500 ಹಾಳೆಯ ರೀಮ್ 280 ರೂಪಾಯಿ ಅಂದರೆ ಹಾಳೆಗೆ 56 ಪೈಸೆ. ಇಂಕು 10 ಪೈಸೆ, ಕಾಗದ ಅದರ ಐದು ಪಟ್ಟಿಗೂ ಜಾಸ್ತಿ! ಎರಡೂ ಬದಿ ಪ್ರಿಂಟ್ ಹಾಕಿದರೆ ಉಳಿಯುವಷ್ಟು ದುಡ್ಡು ಯಾವ ಅಗ್ಗದ ಇಂಕಿನಿಂದಲೂ ಉಳಿಯುವುದಿಲ್ಲ.

ಕಾಗದದಲ್ಲಿ ಹೋಲಿಸಬೇಕಾದ್ದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಎ4 ಹಾಳೆ 210 ಗುಣಿಸು 297 ಮಿಲಿಮೀಟರ್. ಇಷ್ಟು ಗೊತ್ತಿದ್ದರೆ ಅಡುಗೆಮನೆಯ ತಕ್ಕಡಿಯೇ ಸಾಕು. 500 ಹಾಳೆಯ ರೀಮ್ 75 ಜಿಎಸ್‌ಎಂ ಆಗಿದ್ದರೆ ಸುಮಾರು 2 ಕಿಲೋ 340 ಗ್ರಾಂ ತೂಗಬೇಕು. 70 ಆಗಿದ್ದರೆ 2 ಕಿಲೋ 180, 80 ಆಗಿದ್ದರೆ ಎರಡೂವರೆ ಕಿಲೋ. ಹೊದಿಕೆಯ ಮೇಲೆ 75 ಅಂತ ಬರೆದು ತೂಕ 2 ಕಿಲೋ 180 ಗ್ರಾಂ ಬಂದರೆ, ಒಂದೋ ಕಾಗದ ತೆಳು, ಇಲ್ಲವೇ ಹಾಳೆ ಕಡಿಮೆ.

ರೀಮ್‌ನಿಂದ ಇನ್ನೊಂದು ಉಪಕಾರ ಇದೆ. ಅದು ಪುಟ ಎಣಿಸುವ ಮೀಟರು. ಬಹಳಷ್ಟು ಪ್ರಿಂಟರ್‌ಗಳು ತಮ್ಮ ರಿಪೋರ್ಟ್ ಪುಟದಲ್ಲಿ ಇಲ್ಲಿಯವರೆಗೆ ಎಷ್ಟು ಪುಟ ಹೊಡೆದಿವೆ ಅಂತ ತೋರಿಸುತ್ತವೆ. ತೋರಿಸದಿದ್ದರೆ ಟೋನರ್ ಹಾಕಿದ ದಿನದಿಂದ ರೀಮ್ ಎಣಿಸಿ, ಒಂದೇ ಬದಿ ಪ್ರಿಂಟ್ ಆದರೆ ನಾಲ್ಕು ರೀಮ್‌ಗೆ 2,000 ಪುಟ. ನಾನು ಹೊಸ ಕಾರ್ಟ್ರಿಜ್ ಹಾಕುವಾಗ ಮಾರ್ಕರ್‌ನಿಂದ ಅದರ ಬೆನ್ನಿನ ಮೇಲೆ ತಾರೀಖು, ಬೆಲೆ, ಅವತ್ತಿನ ಪುಟಸಂಖ್ಯೆ ಬರೆದಿಡುತ್ತೇನೆ. ಹೋದ ಸಲದ ಕಂಪ್ಯಾಟಿಬಲ್ ಡಬ್ಬದ ಮೇಲೆ 2,000 ಅಂತ ಇತ್ತು. ನನಗೆ ಬಂದದ್ದು 1,610. ಬೆಲೆ ಕೇಳಲು ಹೋದಾಗ ಅದನ್ನೇ ಕೌಂಟರ್ ಮೇಲಿಟ್ಟೆ. ಅಂಗಡಿಯವರು ನನ್ನ ಬರಹ ಓದಿ, ನಕ್ಕು, "ಇಷ್ಟು ಲೆಕ್ಕ ಇಡೋರಿಗೆ ಬೇರೆ ಡಬ್ಬ ಕೊಡ್ತೀನಿ ಬಿಡಿ" ಅಂತ ಒಳಗಿನಿಂದ ಇನ್ನೊಂದು ತಂದರು.